ನಿದ್ದೆಗೆಟ್ಟ ಪೆಟ್ಟಿಗೆಗಳು: ಕಂತು ಏಳು

ಕುಂಬಾರನಿಗೆ ವರುಷ, ಬ್ಯಾಟರಿಗೆ ನಿಮಿಷ! ದೊಣ್ಣೆ ಎಲ್ಲಿ ಹೋಯಿತು ಎಂದು ಗಾದೆಯ ಪಂಡಿತರು ಹುಬ್ಬು ಗಂಟಿಕ್ಕಬಾರದು. ದೊಣ್ಣೆ ಹಿಡಿದವರೂ ಈ ಕಥೆಯಲ್ಲಿದ್ದಾರೆ, ಇದೋ ಬಂದರು. ಆದರೆ ಕಥೆ ಮಾತ್ರ ಅಪ್ಪಟ ನಿಜ. ಹೊನ್ನಕ್ಕನಕುಂಟೆಯ ನೀರು ಮುಟ್ಟಿ ಹೇಳುತ್ತೇನೆ. ಆ ನೀರು ಮುಟ್ಟಿದ ಮೇಲೆ ಸೋಪು ಹಾಕಿ ಕೈ ತೊಳೆಯಬೇಕಾಗುತ್ತದೆ, ಅದು ಬೇರೆ ಮಾತು.

"ನಾಲ್ಕು ಗಂಟೆ! ಅಷ್ಟರೊಳ್ಗೆ ಕಳ್ಳ ಯಾರೂಂತ ಏಳಿ. ಇಲ್ದಿದ್ರೆ ಸೀದಾ ಸ್ಟೇಷನ್ನು. ಜೀಪು ಆಗ್ಲೇ ತಿರುಗ್ಸಿ ನಿಲ್ಸಿದೀನಿ."

ಕೆರೆ ಕಾವಲು ಸಂಘದ ಅಧ್ಯಕ್ಷ ಬ್ಯಾಟರಾಯಪ್ಪನವರು ಬೆತ್ತದಿಂದ ಪಂಪ್‌ಹೌಸಿನ ಅಂಗಳವನ್ನು ಎರಡು ಸಲ ಕುಟ್ಟಿದರು. ಅಲ್ಲಾಳಸಂದ್ರದಿಂದ ಕೂಗಳತೆಯಲ್ಲಿರುವ ಈ ಕುಂಟೆಗೆ ಅವರ ತಾತನ ಕಾಲದಿಂದ ಅವರ ಮನೆಯದೇ ಯಜಮಾನಿಕೆ. ಗದ್ದೆಯೆಲ್ಲ ಸೈಟಾಗಿ, ಸೈಟೆಲ್ಲ ಅಪಾರ್ಟ್‌ಮೆಂಟಾಗಿ, ಯಜಮಾನಿಕೆ ನಡೆಸಲು ಉಳಿದದ್ದು ನೀರೊಂದೇ. ಅದನ್ನು ಅವರು ಮೀಸೆಯಷ್ಟೇ ಜೋಪಾನವಾಗಿ ನೋಡಿಕೊಳ್ಳುತ್ತಿದ್ದರು.

"ಕಳ್ಳ ಇದ್ರೆ ತಾನೆ ಸಾರ್ ಹೇಳೋದು?" ಅಂದಳು ಧನುಶ್ರೀ.

ಆರ್.ಟಿ. ನಗರದಲ್ಲಿ ಕುರುಕಲು ತಿಂಡಿ ಅಂಗಡಿಯೊಂದರ ಮಹಡಿಯಲ್ಲಿ ಖಾಸಗಿ ಪತ್ತೇದಾರಿಕೆಯ ಬೋರ್ಡು ಹಾಕಿಕೊಂಡಿದ್ದವಳು ಅವಳು. ಕಾಲೇಜಿನಲ್ಲಿದ್ದಾಗ ಪ್ರಿನ್ಸಿಪಾಲರ ದನಿಯಲ್ಲಿ ಮೈಕಿನಲ್ಲಿ ರಜೆ ಸಾರಿ, ಪ್ರಿನ್ಸಿಪಾಲರನ್ನೂ ಸೇರಿಸಿ ಇಡೀ ಕಾಲೇಜನ್ನು ಮನೆಗೆ ಕಳಿಸಿದ ಖ್ಯಾತಿ ಅವಳಿಗಿತ್ತು.

"ಕಳ್ಳ ಇಲ್ದಿದ್ರೆ ಕಳ್ಳಿ ಇದಾಳಲ್ಲ," ಎಂದು ಬ್ಯಾಟರಾಯಪ್ಪ ಬೆತ್ತವನ್ನು ಹೊಂಗೆಮರದ ಕಡೆ ತಿರುಗಿಸಿದರು.

ಮರದ ಕೆಳಗಿನ ಕಲ್ಲುಬೆಂಚಿನ ಮೇಲೆ ಕೂತಿದ್ದವಳು ಶಿಲ್ಪ, ಧನುಶ್ರೀಯ ಕಾಲೇಜು ಗೆಳತಿ. ನೀರಿನ ಮಟ್ಟ, ಬಿಸಿ, ಮೀನಿನ ಉಸಿರಿಗೆ ಬೇಕಾದ ಗಾಳಿ, ಇಷ್ಟನ್ನೂ ಅಳೆದು ತಂತಿಯಿಲ್ಲದೆ ಸುದ್ದಿ ಕಳಿಸುವ ಪೆಟ್ಟಿಗೆಗಳನ್ನು ಕೆರೆ ತುಂಬ ಕೂರಿಸಿದ್ದವಳು. "ಒಂದು ಸಲ ಸೆಲ್ಲು ಹಾಕಿದರೆ ಐದು ವರ್ಷ ತಿರುಗಿ ನೋಡೋ ಹಾಗಿಲ್ಲ" ಎಂದು ಇದೇ ಅಂಗಳದಲ್ಲಿ ಮಾತು ಕೊಟ್ಟಿದ್ದವಳು. ಸೆಲ್ಲುಗಳು ಐದು ತಿಂಗಳೂ ಬಾಳಲಿಲ್ಲ. ಹೋದ ವಾರ ಹೊಸವು ಹಾಕಿದರೆ ಅವೂ ಸೊರಗತೊಡಗಿದ್ದವು.

ಹಳೇ ಸೆಲ್ಲಿಗೆ ಹೊಸ ಅಂಗಿ ತೊಡಿಸಿ ಊರಿಗೆ ಟೋಪಿ ತೊಡಿಸಿದಳು ಎನ್ನುವುದು ಬ್ಯಾಟರಾಯಪ್ಪನವರ ತೀರ್ಪು. ದೂರು ಬರೆದು ಜೇಬಿನಲ್ಲಿಟ್ಟುಕೊಂಡಿದ್ದರು. ಅದು ಒಂದು ಸಲ ಸ್ಟೇಷನ್ನಿನ ಮೇಜು ಮುಟ್ಟಿದರೆ ಶಿಲ್ಪಳ ಹೆಸರಿಗೆ 'ಮೋಸ' ಅಂಟಿಕೊಂಡ ಹಾಗೆಯೇ. ಆಮೇಲೆ ಯಾವ ಕೆರೆಯವರೂ ಅವಳನ್ನು ದಡ ಹತ್ತಿಸುವುದಿಲ್ಲ.

"ಊಟ ಮಾಡ್ಕಂಡ್ ಬತ್ತೀನಿ, ಯೋಚ್ನೆ ಮಾಡಿ," ಎಂದು ಹೊರಟವರು ನಾಲ್ಕು ಹೆಜ್ಜೆ ನಡೆದು ಹಿಂದಿರುಗಿದರು. "ನೀವೂ ಬನ್ನಿ ಊಟಕ್ಕೆ. ಕೇಸು ಬೇರೆ, ಊಟ ಬೇರೆ. ಅವರೇಕಾಳ್ ಸಾರು."

ಇದು ಹಳೇ ಊರಿನ ಮರ್ಯಾದೆ. ಜೈಲಿಗೆ ಕಳಿಸುವವರನ್ನೂ ಹಸಿದ ಹೊಟ್ಟೆಯಲ್ಲಿ ಕಳಿಸುವುದಿಲ್ಲ.

ಅವರು ಮರೆಯಾದದ್ದೇ ಧನುಶ್ರೀ ಬೆಂಚಿನ ಕಡೆ ಬಂದಳು. ಸತ್ತ ಸೆಲ್ಲುಗಳು ಸಾಲಾಗಿ ಮಲಗಿದ್ದವು. ಪಕ್ಕದಲ್ಲಿ, ಸೂತಕದ ಮನೆಯವನ ಹಾಗೆ ನಿಂತಿದ್ದವನು ಕಾಶಿನಾಥ. ಎಸ್.ಪಿ. ರೋಡಿನಲ್ಲಿ ಬ್ಯಾಟರಿ ವ್ಯಾಪಾರ ಅವನದು. ಈ ಸೆಲ್ಲುಗಳು ಬಂದದ್ದು ಅವನ ಅಂಗಡಿಯಿಂದಲೇ.

"ಮೇಡಂ, ನನ್ ಮೂರ್ ಮಕ್ಳ ಆಣೆ, ಮಾಲು ಅಸಲಿ."

"ಹೋದ್ಸಲ ಎರಡೇ ಮಕ್ಳು ಅಂದಿದ್ರಿ?"

"ಕೇಸು ದೊಡ್ಡದಾಯ್ತಲ್ಲ ಮೇಡಂ."

ಧನುಶ್ರೀಗೆ ನಗು ಬಂತು. ಆದರೆ ಕಣ್ಣು ಸೆಲ್ಲುಗಳ ಮೇಲೇ ಇತ್ತು. "ಶಿಲ್ಪಾ, ಯಾವ್ಯಾವುದು ಎಲ್ಲೆಲ್ಲಿಂದ ಬಂತು ಕಣೇ? ಮೊದಲು ಸತ್ತಿದ್ದು ಯಾವುದು?"

"ಆಚೆ ದಡದ್ದು, ಜೊಂಡಿನ ಹತ್ರ ಇರೋವು. ಆಮೇಲೆ ಮಧ್ಯದಲ್ಲಿ ತೇಲೋವು. ಪಂಪ್‌ಹೌಸ್ ಪಕ್ಕದ್ದು ಇನ್ನೂ ಬದುಕಿದಾವೆ."

"ಹೊಸ ಸೆಲ್ಲು ಕದ್ದು ಸತ್ತದ್ದು ಇಡೋ ಕಳ್ಳ ಆಗಿದ್ರೆ ರಸ್ತೆ ಪಕ್ಕದ್ದನ್ನ ಮೊದಲು ಕದೀತಿದ್ದ. ಸೊಂಟದ ತನಕ ಕೆಸರಲ್ಲಿ ಇಳಿದು ಆಚೆ ದಡದ್ದಕ್ಕೆ ಯಾಕೆ ಹೋಗ್ತಾನೆ?"

"ಅದನ್ನೇ ನಾನೂ..."

"ಇರು. ಸೆಲ್ಲೇ ಕೆಟ್ಟದ್ದು ಅಂತಾನೇ ಇಟ್ಕೋ. ಕೆಟ್ಟ ಸೆಲ್ಲು ಅಲ್ಲೊಂದು ಇಲ್ಲೊಂದು ಸಾಯಬೇಕು ತಾನೆ? ಕಾಶಿನಾಥ್ ಅವರೇ, ನಿಮ್ಮ ಸೆಲ್ಲಿಗೆ ತಾನು ಯಾವ ದಡದಲ್ಲಿದೀನಿ ಅಂತ ಗೊತ್ತಾಗುತ್ತಾ?"

"ಅದಕ್ಕೆ ಪ್ಲಸ್ಸು ಮೈನಸ್ಸು ಬಿಟ್ರೆ ಬೇರೆ ದಿಕ್ಕೇ ಗೊತ್ತಿಲ್ಲ ಮೇಡಂ."

"ಹಾಗಾದ್ರೆ ನೀವು ಕೂತ್ಕೊಳಿ. ನೀವಲ್ಲ."

ಕಾಶಿನಾಥ ಬೆಂಚಿನ ಮೇಲೆ ಕುಸಿದು, ಮೂರೂ ಮಕ್ಕಳ ಪರವಾಗಿ ನಿಟ್ಟುಸಿರು ಬಿಟ್ಟ.

ಧನುಶ್ರೀ ಶಿಲ್ಪಳ ಪಕ್ಕ ಕೂತಳು. "ಈಗ ನಂಗೆ ಮಗುಗೆ ಹೇಳೋ ಹಾಗೆ ಹೇಳು. ಐದು ವರ್ಷ ಅಂತ ಯಾವ ಧೈರ್ಯದಲ್ಲಿ ಅಂದೆ?"

ಶಿಲ್ಪಳ ಬಾಡಿದ ಮುಖಕ್ಕೆ ಜೀವ ಬಂತು. ತಾನು ಕಟ್ಟಿದ್ದರ ಬಗ್ಗೆ ಕೇಳಿದರೆ ಅವಳಿಗೆ ಯಾವತ್ತೂ ಹಾಗೇ.

"ನನ್ನ ಪೆಟ್ಟಿಗೆ ಕುಂಭಕರ್ಣನ ಜಾತಿ ಮಗಾ. ದಿನವೆಲ್ಲ ನಿದ್ದೆ. ಕಾಲು ಗಂಟೆಗೊಮ್ಮೆ ಏಳುತ್ತೆ, ನೀರು ಮುಟ್ಟಿ ನೋಡುತ್ತೆ, ಒಂದೇ ಒಂದು ಮಾತು ಹೇಳುತ್ತೆ. ಪಂಪ್‌ಹೌಸ್ ಮೇಲೆ ದೊಡ್ಡ ಪೆಟ್ಟಿಗೆ ಇದೆಯಲ್ಲ, ಅದಕ್ಕೆ ಕರೆಂಟು ಇದೆ, ಅದು ಮಲಗೋದೇ ಇಲ್ಲ. ಅದು ಕೇಳಿಸ್ಕೊಂಡು 'ಹೂಂ' ಅನ್ನುತ್ತೆ. ಹೂಂ ಕೇಳಿದ ತಕ್ಷಣ ಇದು ಮತ್ತೆ ಮಲಗುತ್ತೆ. ಎಲ್ಲರೂ ಯಂತ್ರಕ್ಕೆ ಮಾತು ಕಲಿಸ್ತಾರೆ. ಸೆಲ್ಲು ಬಾಳಬೇಕಾದ್ರೆ ಮಲಗೋದು ಕಲಿಸಬೇಕು ಕಣೇ."

"ಹೂಂ ಅನ್ದೇ ಇದ್ರೆ?"

"ಇನ್ನೊಂದು ಸಲ ಹೇಳುತ್ತೆ. ಸ್ವಲ್ಪ ಜೋರಾಗಿ."

"ಆಗಲೂ ಅನ್ದಿದ್ರೆ?"

"ಇನ್ನೂ ಜೋರಾಗಿ."

"ಎಲ್ಲೀ ತನಕ?"

"ಹೂಂ ಅನ್ನೋ ತನಕ," ಅಂದಳು ಶಿಲ್ಪ ಮೆಲ್ಲಗೆ. "ಒಂದು ಸುದ್ದಿಯೂ ತಪ್ಪಬಾರದು ಅಂತ ಹಾಗೆ ಬರೆದೆ. ಆದ್ರೆ ಸುದ್ದಿ ಬರ್ತಾನೇ ಇದೆ ಕಣೇ! ಲ್ಯಾಪ್‌ಟಾಪಲ್ಲಿ ನೋಡು, ಒಂದೂ ತಪ್ಪಿಲ್ಲ. ಕೆಟ್ಟಿದೆ ಅಂದ ಪೆಟ್ಟಿಗೇನೆಲ್ಲ ಇಲ್ಲಿಗೇ ತಂದು ಮೀಟರ್ ಹಚ್ಚಿ ನೋಡಿದೀನಿ. ಪಾಪದ ಮಗು ಥರ ಮಲಗಿರುತ್ತೆ."

"ಇಲ್ಲಿಗೇ ತಂದು," ಅಂದಳು ಧನುಶ್ರೀ.

"ಹೌದು, ಇಲ್ಲಿಗೇ..."

"ಪ್ರತಿ ಸಲ?"

ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಮರುಕ್ಷಣ ಒಂದು ಪೆಟ್ಟಿಗೆ, ಒಂದು ಮೀಟರು ಹಿಡಿದು ಏರಿಯ ಮೇಲೆ ಓಡುತ್ತಿದ್ದರು. ಹಿಂದಿನಿಂದ ಕಾಶಿನಾಥ, "ನಾನೂ ಬರ್ಲಾ ಮೇಡಂ?" ಎಂದು ಕೂಗಿ, ಬಿಸಿಲು ನೋಡಿ, ಅಲ್ಲೇ ಕೂತ.

ಆಚೆ ದಡದ ಜೊಂಡಿನ ಪಕ್ಕ ನಿಂತು ಶಿಲ್ಪ ಪೆಟ್ಟಿಗೆಗೆ ಮೀಟರು ಹಚ್ಚಿದಳು. ನಿದ್ದೆಯಲ್ಲಿದ್ದರೆ ಸೊನ್ನೆಯ ಪಕ್ಕದಲ್ಲಿ ತೂಕಡಿಸಬೇಕಾದ ಅಂಕಿ, ಮೆಣಸಿನಕಾಯಿ ಕಚ್ಚಿದವನ ಹಾಗೆ ಕುಣಿಯುತ್ತಿತ್ತು. ಇಳಿಯಿತು ಅನ್ನುವಷ್ಟರಲ್ಲಿ ಏರಿತು. ಮತ್ತೆ ಏರಿತು. ಪೆಟ್ಟಿಗೆ ಮಲಗಿಯೇ ಇರಲಿಲ್ಲ. ನಿಂತಲ್ಲೇ ಕೂಗುತ್ತಿತ್ತು, ಕೂಗುತ್ತಲೇ ಇತ್ತು.

"ಅಲ್ಲಿ ಮಲಗುತ್ತೆ, ಇಲ್ಲಿ ಮಲಗಲ್ಲ," ಅಂದಳು ಧನುಶ್ರೀ. "ಶಿಲ್ಪಾ, ನಿನ್ನ ಪೆಟ್ಟಿಗೆಗಳ ಬಾಯಿ ಸರಿಯಾಗೇ ಇದೆ. ಕೆಟ್ಟಿರೋದು ಕಿವಿ. ನೀನು ಪಂಪ್‌ಹೌಸ್ ಮೇಲೆ ಹತ್ತಿ ಎಷ್ಟು ದಿನ ಆಯ್ತು?"

"ಕೂರಿಸಿದ ಮೇಲೆ ಹತ್ತೇ ಇಲ್ಲ. ಎಲ್ಲಾ ಪರದೆ ಮೇಲೇ ಕಾಣುತ್ತಲ್ಲ."

ಪರದೆ ಮೇಲೆ ಎಲ್ಲವೂ ಕಾಣುತ್ತದೆ, ಮಾಡಿನ ಮೇಲಿರುವುದೊಂದನ್ನು ಬಿಟ್ಟು. ಹಿಂದಿರುಗಿ ಏಣಿ ಹಾಕಿಸಿ ಮೇಲೆ ಹತ್ತಿದ ಧನುಶ್ರೀಯ ಕಣ್ಣು ಕೋರೈಸಿತು. ದೊಡ್ಡ ಪೆಟ್ಟಿಗೆ ಮದುವೆ ಮನೆಯ ಕೊಳಗದ ಹಾಗೆ ಥಳಥಳ ಹೊಳೆಯುತ್ತಿತ್ತು. ನಡುವೆ ಮೂರು ಬೆರಳಿನ ವಿಭೂತಿ. ಮೂಲೆಯಲ್ಲಿ, ಹಸಿ ಬಣ್ಣಕ್ಕೆ ಅಂಟಿ ಅಲ್ಲೇ ಒಣಗಿದ ಚೆಂಡುಹೂವಿನ ಎಸಳುಗಳು.

"ಶಿಲ್ಪಾ! ನಿನ್ನ ದೊಡ್ಡ ಪೆಟ್ಟಿಗೆ ಯಾವ ಬಣ್ಣ?"

"ಬಿಳಿ! ಪ್ಲಾಸ್ಟಿಕ್!" ಎಂದು ಕೆಳಗಿನಿಂದ ಉತ್ತರ ಬಂತು.

ಏಣಿ ಹಿಡಿದು ನಿಂತಿದ್ದ ಪಂಪ್ ಆಪರೇಟರು ಪಿಳ್ಳಪ್ಪ ಗಂಟಲು ಸರಿಮಾಡಿಕೊಂಡ.

"ಆಯ್ದಪೂಜೆಗೆ ಬಳ್ದಿದ್ದಲ್ವ್ರಾ ಮೇಡಮ್ಮಾ? ಮೋಟ್ರು, ವಾಲ್ವು, ಸ್ಟಾರ್ಟ್ರು ಎಲ್ಲಾಕೂ ಬೆಳ್ಳಿ ಬಣ್ಣ ಬಳ್ದು, ಮಿಕ್ಕಿದ್ನ ಇದ್ಕೂ ಬಳ್ದ್ವಿ. ಮೂರ್ ಕೋಟು. ಇದೂ ಆಯ್ದಾನೇ ಅಲ್ವ್ರಾ?"

"ಬಳಿದಿದ್ದು ನೀವಾ ಪಿಳ್ಳಪ್ಪಣ್ಣ?"

ಪಿಳ್ಳಪ್ಪ ಜೀಪಿನ ಕಡೆ ಒಂದು ಸಲ, ಆಕಾಶದ ಕಡೆ ಒಂದು ಸಲ ನೋಡಿದ. "ನಾನು ಏಣಿ ಇಡ್ಕಂಡಿದ್ದೆ, ಈಗ ಇಡ್ಕಂಡಿರೋ ಅಂಗೆ. ಅತ್ತಿದ್ದು ಯಜಮಾನ್ರು. 'ಕೆರೆ ಕಾಯೋ ದ್ಯಾವ್ರು ಕಣ್ಲಾ ಇದು, ಬೋಳು ಪ್ಲಾಸ್ಟಿಕ್ಕಲ್ಲಿ ಇರ್ಬಾರ್ದು' ಅಂತ ಅವ್ರೇ ಕೈಯಾರ ಬಳುದ್ರು. ನಿಂಬೆಅಣ್ಣೂ ಕುಯ್ದ್ರು."

ಕೆಳಗೆ ಶಿಲ್ಪ ತಲೆಗೆ ಕೈ ಹೊತ್ತು ಕೂತೇಬಿಟ್ಟಳು.

"ಬೆಳ್ಳಿ ಬಣ್ಣ ಅಂದ್ರೆ ಅಲ್ಯೂಮಿನಿಯಂ ಪುಡಿ ಕಣೇ! ದನಿ ಒಳಗೆ ಹೋಗಿ ಬರಲಿ ಅಂತಲೇ ಪ್ಲಾಸ್ಟಿಕ್ ಹಾಕಿದ್ದೆ. ಅದರ ಮೇಲೆ ಲೋಹ, ಅದೂ ಮೂರು ಪದರ. ಕಿವಿಗೆ ತಗಡು ಬಡಿದ ಹಾಗೆ! ಪಕ್ಕದವು ಹೇಳಿದ್ದು ಕೇಳಿಸುತ್ತೆ. ದೂರದವು ನೂರು ಸಲ ಕೂಗಿದ್ರೆ ಒಂದು ಸಲ ಕೇಳಿಸುತ್ತೆ, ಪರದೆ ಮೇಲೆ ಬರೋದು ಆ ಒಂದೇ. ತೊಂಬತ್ತೊಂಬತ್ತು ಕೂಗು ಗಾಳಿಗೆ, ಸೆಲ್ಲು ಮಣ್ಣಿಗೆ." ಅವಳು ಎದ್ದಳು. "ಬಾ, ಹೋಗಿ ಹೇಳೋಣ."

"ಏನಂತ? ನೀವು ಪೂಜೆ ಮಾಡಿದ್ದಕ್ಕೆ ಬ್ಯಾಟರಿ ಸತ್ತವು ಅಂತಲಾ? ಅವರೇನಂತಾರೆ ಗೊತ್ತಾ?" ಏಣಿಯ ಮೇಲೆಯೇ ಧನುಶ್ರೀ ಎದೆ ಸೆಟೆದು, ಗಂಟಲನ್ನು ಹೊಟ್ಟೆಗಿಳಿಸಿದಳು. "ಲೇ ಪಿಳ್ಳಾ! ನಮ್ ತಾತ ನೇಗ್ಲಿಗೆ ಬಣ್ಣ ಬಳ್ದ್ರು, ಎತ್ತು ಸತ್ವೇನ್ಲಾ?"

"ಇಲ್ಲ ಯಜಮಾನ್ರೇ!" ಎಂದು ಪಿಳ್ಳಪ್ಪ ಏಣಿ ಬಿಟ್ಟು ಕೈಕಟ್ಟಿದ. ಏಣಿ ಅರ್ಧ ಅಡಿ ಜಾರಿತು.

"ಹಿಡ್ಕೊಳಿ ಅಣ್ಣಾ, ಹಿಡ್ಕೊಳಿ! ನಾನೇ, ನಾನೇ!"

ಕೆಳಗಿಳಿದು ಬಂದ ಧನುಶ್ರೀಯ ಮುಖದಲ್ಲಿ ಕಾಲೇಜಿನ ದಿನಗಳ ಕಳೆ ಬಂದಿತ್ತು. ಪ್ರಿನ್ಸಿಪಾಲರನ್ನು ಮನೆಗೆ ಕಳಿಸಿದ ದಿನವೂ ಹೀಗೇ ಇತ್ತು ಎಂದು ಶಿಲ್ಪ ಆಮೇಲೆ ಹೇಳುತ್ತಿದ್ದಳು.

"ಅವರಿಗೆ ಹೇಳಿದ್ರೆ ಅರ್ಥ ಆಗಲ್ಲ," ಅಂದಳು ಧನುಶ್ರೀ. "ಅವರಿಗೇ ಆಗಬೇಕು. ನಡಿ ಊಟಕ್ಕೆ."

ಬ್ಯಾಟರಾಯಪ್ಪನವರ ಮನೆ ಏರಿಯ ಬುಡದಲ್ಲೇ. ಹಿತ್ತಲಲ್ಲಿ ಕೈ ತೊಳೆಯುವ ನೆಪದಲ್ಲಿ ಧನುಶ್ರೀ ಅವರ ಮಡದಿ ದ್ರೌಪದಮ್ಮನ ಕಿವಿಯಲ್ಲಿ ಏನೋ ಉಸುರಿದಳು.

"ಯಜಮಾನ್ರು ಊಟದಲ್ಲಿ ಕಥೆ ಹೇಳ್ತಾರಂತಲ್ಲ ಅಮ್ಮಾ?"

"ಏಳ್ದೆ ತುತ್ತು ಇಳೀತದಾ? ಕೆರೆ ಕಟ್ಟೆ ಒಡೆದ್ ಕಥೆ. ಮದ್ವೆ ಆದಾಗಿಂದ ಅದೇ ಕಥೆ. ನಾನು ಸಾರು ಬಡಿಸ್ತಾ ಬಡಿಸ್ತಾ ಊಂ ಅಂತೀನಿ. ಒಂದ್ ಊಂ ತಪ್ಪಿದ್ರೆ ಮೊದ್ಲಿಂದ ಶುರು ಅಚ್ಕಂತಾರೆ."

"ಇವತ್ತೊಂದು ದಿನ ಹೂಂ ಅನ್ನಬೇಡಿ. ಮಿಕ್ಕವರಿಗೂ ದಾರೀಲೇ ಹೇಳಿದೀನಿ. ಏನೇ ಆದ್ರೂ."

ದ್ರೌಪದಮ್ಮ ಸೌಟು ಹಿಡಿದ ಕೈಯಿಂದಲೇ ಧನುಶ್ರೀಯ ಗಲ್ಲ ಸವರಿದರು. "ಈ ವಯಸ್ಸಿಗೆ ನಂಗೆ ರಜ ಕೊಟ್ಟ ಮೊದಲ್ನೇ ಮಗಳು ನೀನು ಕಣವ್ವಾ."

ಮುದ್ದೆ ಬಿತ್ತು. ಅವರೇಕಾಳಿನ ಸಾರು ಬಿತ್ತು. ಒಂದು ಕಡೆ ಪಿಳ್ಳಪ್ಪ, ಕಾಶಿನಾಥ, ಇನ್ನೊಂದು ಕಡೆ ಗೆಳತಿಯರು, ನಡುವೆ ಯಜಮಾನರು. ಎರಡನೇ ತುತ್ತು ಇಳಿದದ್ದೇ ಬ್ಯಾಟರಾಯಪ್ಪ ಗೋಡೆಗೆ ಒರಗಿದರು.

"ಆ ವರ್ಷ ಮಳೆ ಅಂದ್ರೆ... ಮಳೆ."

ಮಾತು ನಿಲ್ಲಿಸಿ ಕಾದರು. ಊಂ ಬರಲಿಲ್ಲ.

"ಮಳೆ ಅಂದ್ರೆ ಮಳೆ! ಕಟ್ಟೆ ಮೇಲೆ ನಾನೊಬ್ನೇ."

ಪಿಳ್ಳಪ್ಪ ನಿಂಬೆಗಾತ್ರದ ತುತ್ತಿನ ಬದಲು ತೆಂಗಿನಕಾಯಿ ಗಾತ್ರದ ಮುದ್ದೆ ಬಾಯಿಗೆ ತುಂಬಿಕೊಂಡ. ಕಾಶಿನಾಥ ಉಪ್ಪಿನಕಾಯಿಯಲ್ಲಿ ಯಾವುದೋ ಗಹನವಾದ ವಿಷಯ ಹುಡುಕತೊಡಗಿದ. ದ್ರೌಪದಮ್ಮ ಸಾರು ಬಡಿಸುತ್ತ ಮುಂದೆ ಹೋದರು.

ಬ್ಯಾಟರಾಯಪ್ಪ ಮಡದಿಯನ್ನು ನೋಡಿದರು. ಇಂಥದ್ದು ಇತಿಹಾಸದಲ್ಲಿ ಆಗಿರಲಿಲ್ಲ.

"ಆ ವರ್ಷ," ಎಂದು ಮೊದಲಿಂದ ಶುರುವಾಯಿತು, ಈ ಸಲ ದನಿ ಏರಿಸಿ, "ಮಳೆ ಅಂದ್ರೆ ಮಳೆ! ಕಟ್ಟೆ ಮೇಲೆ ನಾನೊಬ್ನೇ! ನೋಡ್ತೀನಿ, ಕೋಡಿ ಪಕ್ಕ ಬಿರುಕು! ಆನೆ ತೂರೋ ಅಂಥ ಬಿರುಕು!"

ಶಿಲ್ಪ ತಲೆ ತಗ್ಗಿಸಿ ಕಾಳು ಎಣಿಸುತ್ತಿದ್ದಳು. ಭುಜ ಮಾತ್ರ ಕುಲುಕುತ್ತಿತ್ತು.

"ಆನೆ ಕಣ್ರೀ! ಆನೆ!"

ಅವರು ಎಲೆ ಬಿಟ್ಟು ಎದ್ದು ನಿಂತರು. ಕೈಯಲ್ಲಿ ಆನೆ ಮಾಡಿ ತೋರಿಸಿದರು. ಬಿರುಕು ಮಾಡಿ ತೋರಿಸಿದರು. ಮದುವೆಗೆ ಕೊಟ್ಟ ಹತ್ತಿ ಹಾಸಿಗೆಯನ್ನು ಹೆಗಲ ಮೇಲೆ ಹೊತ್ತು ತಂದು ಬಿರುಕಿಗೆ ತುರುಕಿದ್ದನ್ನು, ಅದರ ಮೇಲೆ ತಾವೇ ಮಲಗಿದ್ದನ್ನು, ನಡುಮನೆಯ ನೆಲದ ಮೇಲೆ ಬಿದ್ದು ತೋರಿಸಿದರು. ಹಿತ್ತಲಿನಿಂದ ಹಸು "ಅಂಬಾ" ಎಂದಿತು. ಆ ಮಧ್ಯಾಹ್ನ ಅವರಿಗೆ ಸಿಕ್ಕ ಒಂದೇ ಮಾರುತ್ತರ ಅದು. ಎದುರುಮನೆಯ ಸುಬ್ಬಮ್ಮ ಕಾಂಪೌಂಡಿನ ಆಚೆಯಿಂದ, "ಏನಾಯ್ತಣ್ಣಾ, ಯಾರಾದ್ರೂ ಬಿದ್ರಾ?" ಎಂದು ಕೂಗಿದರು.

ಮೂರನೇ ಸಲ ಮಳೆ ಬರುವಷ್ಟರಲ್ಲಿ ಯಜಮಾನರ ಅಂಗಿ ನೆನೆದಿತ್ತು. ದನಿ ಬಿರುಕು ಬಿಟ್ಟಿತ್ತು, ಅದಕ್ಕೆ ತುರುಕಲು ಹಾಸಿಗೆಯಿರಲಿಲ್ಲ.

"ಯಾಕ್ರೋ... ಯಾಕ್ರೋ ಯಾರೂ ಊಂ ಅಂತಿಲ್ಲ? ನನ್ ಪ್ರಾಣ ಓಗ್ತಿದೆ ಇಲ್ಲಿ!"

"ಸಾರ್, ಇನ್ನೊಂದೇ ಒಂದು ಸಲ ಹೇಳಿ," ಅಂದಳು ಧನುಶ್ರೀ.

"ಆಗಕ್ಕಿಲ್ಲ ಕಣಮ್ಮಾ. ಉಸ್ರಿಲ್ಲ. ಮುಗೀತು."

ಧನುಶ್ರೀ ನೀರಿನ ಚೊಂಬು ಅವರ ಮುಂದೆ ಇಟ್ಟಳು. "ಬೆಳಗ್ಗೆ ಗುಂಡುಕಲ್ಲಿನ ಹಾಗಿದ್ರಿ. ಒಂದು ಊಟದ ಹೊತ್ತಿಗೆ ಹೀಗಾದ್ರಿ. ನಿಮಗೆ ಹಳೇ ಸೆಲ್ಲು ಹಾಕಿದ್ದು ಯಾರು ಸಾರ್?"

ಬ್ಯಾಟರಾಯಪ್ಪ ಚೊಂಬಿಗೆ ಚಾಚಿದ ಕೈ ಹಿಂದಕ್ಕೆಳೆದರು.

"ಏನಂದೆ?"

"ಶಿಲ್ಪಳ ಪೆಟ್ಟಿಗೆಗಳೂ ನಿಮ್ಮ ಹಾಗೇ ಸಾರ್. ಒಂದು ಮಾತು ಹೇಳಿ ಒಂದು ಹೂಂ ಕಾಯ್ತವೆ. ಹೂಂ ಸಿಕ್ಕಿದ್ರೆ ಸುಖವಾಗಿ ಮಲಗ್ತವೆ, ಐದು ವರ್ಷ ಬಾಳ್ತವೆ. ಸಿಕ್ಕದಿದ್ರೆ ಕೂಗಿ ಕೂಗಿ ಸಾಯ್ತವೆ. ಸೆಲ್ಲು ಕೆಟ್ಟದ್ದಲ್ಲ. ಹೂಂ ಅನ್ನೋ ಕಿವಿ ಮೇಲೆ ಮೂರು ಕೋಟ್ ಬೆಳ್ಳಿ ಬಣ್ಣ ಇದೆ. ವಿಭೂತಿಯೂ ಇದೆ."

ಬ್ಯಾಟರಾಯಪ್ಪನವರ ಮುಖ ಕೆಂಪಾಯಿತು. ಕೈ ಬೆತ್ತ ಹುಡುಕಿತು. "ನನ್ ಮನೇಲಿ ಕೂತು, ನನ್ ಅನ್ನ ಉಂಡು, ನನ್ನೇ ಕೋತಿ ಕುಣ್ಸಿದ್ರಾ? ದ್ರೌಪದೀ, ನೀನೂನಾ?"

"ಊಂ," ಅಂದರು ದ್ರೌಪದಮ್ಮ. ಅಷ್ಟು ಹೊತ್ತು ತಡೆದಿದ್ದು ಹೊರಗೆ ಬಂದಿತ್ತು.

"ಪೂಜೆ ಮಾಡಿದ್ ಕೈ ಇದು!"

"ಪೂಜೆ ತಪ್ಪಲ್ಲ ಸಾರ್," ಎಂದು ಶಿಲ್ಪ ಮೊದಲ ಸಲ ತಲೆ ಎತ್ತಿ ಮಾತಾಡಿದಳು. "ನನ್ನ ಪೆಟ್ಟಿಗೇನ ದೇವರು ಅಂದೋರು ನೀವೊಬ್ರೇ. ಅದಕ್ಕೆ ಲೋಹ ಆಗಲ್ಲ ಅಂತ ಹೇಳದೇ ಹೋಗಿದ್ದು ನನ್ನ ತಪ್ಪು. ಆದ್ರೆ ಮೋಸ ಮಾಡಿಲ್ಲ. ಅದೊಂದು ಮಾತು ನಂಬಿ."

ಅವರು ನಂಬಲಿಲ್ಲ. ಬಗ್ಗಲೂ ಇಲ್ಲ. ಚೊಂಬಿನ ನೀರು ಗಟಗಟ ಕುಡಿದು, "ತೋರ್ಸು," ಅಂದರು. "ಕಣ್ಣಾರೆ ತೋರ್ಸು. ತೋರಿಸ್ಲಿಲ್ಲ ಅಂದ್ರೆ ಇಬ್ರೂ ಜೀಪು ಅತ್ತಿ."

ಪೆಟ್ಟಿಗೆಯ ಬೆಳ್ಳಿ ಕವಚ ಕಳಚಿದರೆ ಒಳಗಿನ ಯಂತ್ರಕ್ಕೆ ಬಿಸಿಲು ಬಡಿಯುತ್ತದೆ, ಬೇರೆ ಮುಚ್ಚಳ ಬೇಕು. ಧನುಶ್ರೀ ಅಡುಗೆಮನೆಯ ಕಡೆ ನೋಡಿದಳು. ದ್ರೌಪದಮ್ಮ ತಮ್ಮ ದೊಡ್ಡ ಪ್ಲಾಸ್ಟಿಕ್ ಡಬ್ಬದಲ್ಲಿದ್ದ ಸಂಡಿಗೆಯನ್ನೆಲ್ಲ ಮೊರಕ್ಕೆ ಸುರಿದು, ಡಬ್ಬ ಒರೆಸಿ ಕೊಟ್ಟರು.

ಯಜಮಾನರು ಮೀಟರು ಹಿಡಿದು ಆಚೆ ದಡಕ್ಕೆ ನಡೆದರು. ಸಾಕ್ಷಿಗೆ ಕಾಶಿನಾಥ, ದಾರಿಗೆ ಪಿಳ್ಳಪ್ಪ. ಗೆಳತಿಯರು ಪಂಪ್‌ಹೌಸಿನ ಮೇಲೆ ಹತ್ತಿದರು. ಜೊಂಡಿನ ಪಕ್ಕ ಕಂಬಕ್ಕೆ ಕಟ್ಟಿದ್ದ ಪೆಟ್ಟಿಗೆಗೆ ಕಾಶಿನಾಥ ಮೀಟರಿನ ತಂತಿ ಸಿಕ್ಕಿಸುವುದು ಇಲ್ಲಿಂದ ಇರುವೆಯಷ್ಟು ಕಾಣುತ್ತಿತ್ತು.

"ಕುಣೀತೈತೆ!" ಎಂದು ನೀರಿನ ಮೇಲೆ ತೇಲಿ ಬಂತು ಬ್ಯಾಟರಾಯಪ್ಪನವರ ಒಡೆದ ದನಿ. "ಎಂಗೆ ಕುಣೀತೈತೆ ನೋಡ್ಲಾ ಇದು!"

ಶಿಲ್ಪ ತಿರುಪು ಬಿಚ್ಚಿದಳು. ಬೆಳ್ಳಿ ಕವಚ ಎತ್ತಿದಳು. ಅದರ ಜಾಗದಲ್ಲಿ ಸಂಡಿಗೆ ಡಬ್ಬ ಬೋರಲು ಹಾಕಿದಳು.

ಒಂದು ಗಳಿಗೆ ಏನೂ ಇಲ್ಲ. ಬಾತುಕೋಳಿಯೊಂದು ನೀರು ಸೀಳಿಕೊಂಡು ಹೋಯಿತು. ಏರ್‌ಪೋರ್ಟ್ ರಸ್ತೆಯ ಮೇಲುಸೇತುವೆಯ ವಾಹನಗಳ ಮೊರೆತ ಬಿಟ್ಟರೆ ಬೇರೆ ಸದ್ದಿಲ್ಲ.

"ಬಿತ್ತು!"

ಧನುಶ್ರೀ ಶಿಲ್ಪಳ ಭುಜ ಹಿಡಿದಳು.

"ಬಿತ್ತೂ! ಸೊನ್ನೆಗೆ ಬಿತ್ತೂ! ಮಲಗ್ಬಿಡ್ತು ಕಣ್ರೋ! ಮಗು ಮಲಗ್ದಂಗೆ ಮಲಗ್ಬಿಡ್ತು!"

ಶಿಲ್ಪ ಅಳುತ್ತಲೂ ನಗುತ್ತಲೂ ಲ್ಯಾಪ್‌ಟಾಪಿನ ಮುಂದೆ ಮಂಡಿಯೂರಿದಳು. ಪರದೆಯ ಮೇಲೆ ಒಂದೊಂದೇ ಪೆಟ್ಟಿಗೆ ಹೇಳತೊಡಗಿತ್ತು, ಒಂದೇ ಕೂಗಿಗೆ, ಒಂದೇ ಹೂಂಗೆ. ಆಚೆ ದಡ, ಕೋಡಿ, ಜೊಂಡು, ನಡುನೀರು, ಎಲ್ಲವೂ ಹೇಳಿದವು, ಎಲ್ಲವೂ ಮಲಗಿದವು.

"ನಾಳೆ ಬೆಳಗ್ಗೆನೇ ಹೊಸ ಪಾಠ ಬರೀತೀನಿ ಕಣೇ. ಮೂರು ಸಲ ಕೂಗು, ಹೂಂ ಬರ್ಲಿಲ್ವಾ, ಸುದ್ದಿ ಜೇಬಲ್ಲಿಟ್ಕೊಂಡು ತೆಪ್ಪಗೆ ಮಲಗು, ಆಮೇಲೆ ಹೇಳು ಅಂತ. ಐದು ವರ್ಷ ಅಂದಿದ್ದೆ ತಾನೆ? ಇನ್ಮೇಲೆ ಆರು ಅಂತೀನಿ!"

ಆಚೆ ದಡದಲ್ಲಿ ಬ್ಯಾಟರಾಯಪ್ಪ ಜೇಬಿನಿಂದ ದೂರು ತೆಗೆದು, ಪರಪರ ಹರಿದು, ಕೆರೆಗೆ ಎಸೆಯಲು ಕೈ ಎತ್ತಿದರು. ತಾವು ಕೆರೆಯ ಅಧ್ಯಕ್ಷರೆಂದು ನೆನಪಾಗಿ ಚೂರುಗಳನ್ನು ಮತ್ತೆ ಜೇಬಿಗೇ ತುರುಕಿದರು.

"ಶಿಲ್ಪಮ್ಮಾ! ತಪ್ಪಾಯ್ತು ಕಣವ್ವಾ! ಕೇಳುಸ್ತಾ?"

ಧನುಶ್ರೀಗೆ ತಡೆಯಲಾಗಲಿಲ್ಲ. ಎದೆ ಸೆಟೆದು, ಗಂಟಲು ಇಳಿಸಿ, ಅವರದೇ ದನಿಯಲ್ಲಿ ಕೆರೆಯ ಮೇಲೆ ಕೂಗಿದಳು:

"ಊಂ!"

ತಮ್ಮ ಮಾತಿಗೆ ತಾವೇ ಊಂ ಅಂದದ್ದು ಹೇಗೆ ಎಂದು ಬ್ಯಾಟರಾಯಪ್ಪ ಹಿಂದೆ ಮುಂದೆ ನೋಡಿದರು. ಆಮೇಲೆ ಹೊಳೆಯಿತು. ಮೊದಲು ಹೊಟ್ಟೆ ಕುಲುಕಿತು, ಆಮೇಲೆ ಮೀಸೆ. "ಅಯ್ಯೋ ನಿನ್ನ... ನನ್ಗೇ, ನನ್ ಕೆರೇಲೇ!" ಎಂದು ತೊಡೆ ತಟ್ಟಿಕೊಂಡರು. ಪಿಳ್ಳಪ್ಪ ನಕ್ಕ, ಕಾಶಿನಾಥ ನಕ್ಕ, ಅಂಗಳದಲ್ಲಿ ದ್ರೌಪದಮ್ಮ ಸೆರಗು ಬಾಯಿಗಿಟ್ಟು ನಕ್ಕರು. ಮೂವರು ಗಂಡಸರೂ ಏರಿಯ ಮೇಲೆ ಇತ್ತ ಕಡೆ ನಡೆಯತೊಡಗಿದರು.

"ಧನೂ."

ಶಿಲ್ಪಳ ದನಿ ಬದಲಾಗಿತ್ತು. ನಗು ಎಲ್ಲೋ ಉದುರಿಹೋಗಿತ್ತು.

"ಪರೀಕ್ಷೆಗೆ ಅಂತ ಎಲ್ಲದಕ್ಕೂ ಈಗ ಕ್ಷಣಕ್ಷಣಕ್ಕೂ ಹೇಳು ಅಂತ ಹೇಳಿದೀನಿ. ಒಂದೊಂದು ಎಷ್ಟು ಗಟ್ಟಿಯಾಗಿ ಕೇಳುತ್ತೆ ಅನ್ನೋದು ಈ ಪಕ್ಕದಲ್ಲಿ ಬರುತ್ತೆ. ಎಂಟನೇ ನಂಬರಿನ ಪೆಟ್ಟಿಗೆ ನೋಡು."

ಪರದೆಯ ಮೇಲೆ ಎಂಟು ಹಾಜರಿ ಹೇಳಿತು. ಅದರ ಕೆಳಗೇ ಎಂಟು ಮತ್ತೆ ಹಾಜರಿ ಹೇಳಿತು.

"ಎರಡು ಸಲ ಹೇಳ್ತಿದೆ ಅಷ್ಟೇ ಅಲ್ವಾ?"

"ಎರಡು ಸಲ ಅಲ್ಲ, ಇಬ್ಬರು. ನಾನು ಮಾಡಿದ ಎಂಟು ಅಗೋ ಅಲ್ಲಿ, ನಡುನೀರಲ್ಲಿ ತೇಲ್ತಿದೆ. ಅದರ ದನಿ ಒಂದೇ ಸಮ ಇದೆ. ಈ ಇನ್ನೊಂದು ಎಂಟು ನಾನು ಮಾಡಿದ್ದಲ್ಲ ಕಣೇ. ಯಾರೋ ನನ್ನ ಪೆಟ್ಟಿಗೆ ಬಿಚ್ಚಿ, ಅದರ ಮಾತು ಕಲಿತು, ತದ್ರೂಪು ಇನ್ನೊಂದು ಕಟ್ಟಿದಾರೆ. ಇಷ್ಟು ದಿನ ಬಣ್ಣದ ಗದ್ದಲದಲ್ಲಿ ಕೇಳಿಸಿರಲಿಲ್ಲ."

"ಪ್ರಾಕ್ಸಿ," ಅಂದಳು ಧನುಶ್ರೀ. ಕಾಲೇಜಿನಲ್ಲಿ ಅವಳೇ ಎಷ್ಟು ಜನರ ಹಾಜರಿ ಹೇಳಿರಲಿಲ್ಲ! ದನಿ ಕದಿಯುವುದರ ರುಚಿ ಅವಳಿಗೆ ಗೊತ್ತಿತ್ತು. ಯಾರೂ ಸುಮ್ಮನೆ ಕದಿಯುವುದಿಲ್ಲ ಎಂಬುದೂ ಗೊತ್ತಿತ್ತು. "ಅದು ಎಲ್ಲಿದೆ?"

ಶಿಲ್ಪ ಪರದೆಯ ಮೇಲೆ ಬೆರಳಿಟ್ಟಳು. ಕಳ್ಳ ಎಂಟರ ದನಿ ಮೊದಲ ಸಾಲಿನಲ್ಲಿ ಕ್ಷೀಣವಾಗಿತ್ತು, ಆಚೆ ದಡದ್ದರಷ್ಟು. ಮುಂದಿನ ಸಾಲಿನಲ್ಲಿ ಕೊಂಚ ಗಟ್ಟಿ. ಅದರ ಮುಂದಿನದರಲ್ಲಿ ಇನ್ನೂ ಗಟ್ಟಿ.

ಪೆಟ್ಟಿಗೆ ನಡೆದು ಬರುತ್ತಿತ್ತು.

ಧನುಶ್ರೀ ತಲೆ ಎತ್ತಿದಳು. ಏರಿಯ ಮೇಲೆ ಮೂವರು, ಹೆಗಲಿಗೆ ಹೆಗಲು ಕೊಟ್ಟು ಬರುತ್ತಿದ್ದರು. ಕಾಶಿನಾಥನ ಹೆಗಲಲ್ಲಿ ಚೀಲ. ಪಿಳ್ಳಪ್ಪನ ಕಂಕುಳಲ್ಲಿ ಟವೆಲ್ಲಿನ ಗಂಟು. ಬ್ಯಾಟರಾಯಪ್ಪನವರ ಜುಬ್ಬದ ಜೇಬು ಕಾಗದದ ಚೂರಿನಿಂದಲೋ ಇನ್ನಾವುದರಿಂದಲೋ ಉಬ್ಬಿತ್ತು. ಅವರು ಹತ್ತಿರವಾದಷ್ಟೂ ಎಂಟರ ದನಿ ಏರಿತು, ನಗುವೂ ಏರಿತು. ಮೂವರಲ್ಲಿ ಎಲ್ಲರಿಗಿಂತ ಜೋರಾಗಿ, ಕಣ್ಣಲ್ಲಿ ನೀರು ಬರುವ ಹಾಗೆ, ಕೆರೆಯ ಬಾತುಕೋಳಿಗಳೆಲ್ಲ ಹಾರಿಹೋಗುವ ಹಾಗೆ ನಗುತ್ತಿದ್ದವರು ಬ್ಯಾಟರಾಯಪ್ಪನವರೇ.